ಚನ್ನಾಜಮ್ಮನ ಕರೆ

ಶಿಂಷಾ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿದ್ದವರು ಇಬ್ಬರೇ: ಎಪ್ಪತ್ತು ದಾಟಿದ ಮರುಳಯ್ಯನವರು, ಆರು ವರ್ಷದಿಂದ ಅವರ ಶಿಷ್ಯನಾಗಿದ್ದ ಪಂಚಾಕ್ಷರಿ.

ಆಶ್ರಮಕ್ಕೆ ಬರುವ ಮೊದಲು ಪಂಚಾಕ್ಷರಿ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಹಾಗಾಗಿ ಅಕ್ಕಿ ಗಿರಣಿಯ ಭಕ್ತರೊಬ್ಬರು, ಗುರುಗಳ ಮಾತು ದೂರದವರಿಗೂ ಸಿಗಲಿ, ಫೋನೋ ಟ್ಯಾಬೋ ಯಾವುದು ಒಳ್ಳೆಯದು ನೋಡಿ ಹೇಳಿ, ಕೊಡಿಸುತ್ತೇನೆ ಎಂದಾಗ ಆ ಕೆಲಸ ತಾನಾಗಿಯೇ ಅವನ ಪಾಲಿಗೆ ಬಂತು.

ಅದನ್ನು ಅವನು ವ್ರತದಂತೆ ಹಿಡಿದ.

ನೋಟ್ ಪುಸ್ತಕದ ನಡುವೆ ಗೆರೆ ಎಳೆದು ಈ ಕಡೆ ಫೋನು, ಆ ಕಡೆ ಟ್ಯಾಬ್ ಎಂದು ಬರೆದುಕೊಂಡ. ಟ್ಯಾಬ್‌ನಲ್ಲಿ ಎರಡು ಬಗೆ. ಬರೀ ವೈಫೈ ಇರುವುದಕ್ಕೆ ಇನ್ನೊಂದು ಫೋನಿನಿಂದ ಹಾಟ್‌ಸ್ಪಾಟ್ ಕೊಡಬೇಕು. ಸಿಮ್ ಹಾಕುವಂಥದ್ದರಲ್ಲಿ ಇಂಟರ್ನೆಟ್ ಬರುತ್ತದೆ, ಆದರೆ ಅಂಗಡಿಯಲ್ಲಿದ್ದದ್ದಕ್ಕೆ ಹಳ್ಳಿಯವರು ಮಾಡುವ ಮಾಮೂಲಿ ಕರೆ ಬರುವುದಿಲ್ಲ.

ಪರಿಚಯದವರಿಂದ ಎರಡು ಕಂಪನಿಗಳ ಸಿಮ್ ಹಾಕಿದ ಫೋನು ಎರವಲು ತಂದು, ಕೈ ಮೇಲೆತ್ತಿಕೊಂಡು ಅಡುಗೆಮನೆಯಿಂದ ಹೊಳೆಯ ಮೆಟ್ಟಿಲವರೆಗೆ ನಡೆದು ನೋಡಿದ. ಒಂದಕ್ಕೆ ಬಾವಿಯ ಹತ್ತಿರ ಮಾತ್ರ ಎರಡು ಕಡ್ಡಿ ಸಿಗ್ನಲ್. ಇನ್ನೊಂದಕ್ಕೆ ಜಗುಲಿಯ ಮೇಲೇ ನಾಲ್ಕು ಕಡ್ಡಿ. ಮೂರು ವಾರ ಇದೇ ಆಯಿತು.

ತಿಳಿದದ್ದನ್ನೆಲ್ಲ ಅಂದಂದೇ ಗುರುಗಳಿಗೆ ಒಪ್ಪಿಸುತ್ತಿದ್ದ. ಒಲೆ ಊದುತ್ತಾ ಹೇಳುತ್ತಿದ್ದ, ಅಂಗಳ ಗುಡಿಸುತ್ತಾ ಹೇಳುತ್ತಿದ್ದ, ಪುಸ್ತಕದಿಂದ ಕಣ್ಣೆತ್ತದೆ ಓದುತ್ತಿದ್ದ. ಮರುಳಯ್ಯನವರು ತಲೆಯಾಡಿಸುತ್ತಿದ್ದರು.

ಕೊನೆಗೆ ಅಂಗಡಿಯಿಂದ ಒಂದು ಫೋನು, ಒಂದು ಟ್ಯಾಬ್ ತಂದು ಅವರ ಮುಂದಿಟ್ಟ.

ಗುರುಗಳು ಎರಡನ್ನೂ ನೋಡಿದರು. “ಯಾವುದರಲ್ಲಿ ಎದುರಿನವರ ಮುಖ ದೊಡ್ಡದಾಗಿ ಕಾಣುತ್ತೆ?” ಎಂದು ಕೇಳಿದರು.

ಪಂಚಾಕ್ಷರಿಗೆ ನಗು ಬಂತು. ಮೂರು ವಾರದ ಲೆಕ್ಕಾಚಾರದಲ್ಲಿ ಅದೊಂದನ್ನು ಅವನು ಬರೆದೇ ಇರಲಿಲ್ಲ. ಮುಖ ಟ್ಯಾಬ್‌ನಲ್ಲೇ ದೊಡ್ಡದು, ಆದರೆ ಮುಖ ಕಟ್ಟಿಕೊಂಡು ಏನು ಮಾಡುವುದು, ಇಲ್ಲಿಗೆ ಬೇಕಾದದ್ದು ದನಿ ಎಂದು ತಿಳಿಸಿ ಹೇಳಿದ.

“ನೋಡಿದವನು ನೀನು” ಎಂದರು ಗುರುಗಳು.

ಫೋನು ಆಶ್ರಮಕ್ಕೆ ಬಂತು.

ಹತ್ತು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಕರೆ ಬಂದರೆ ಪಂಚಾಕ್ಷರಿ ತೆಗೆದುಕೊಳ್ಳುತ್ತಿದ್ದ, ಗುರುಗಳ ಮುಂದೆ ಕೂತು ಹೇಳುತ್ತಿದ್ದ, ಅವರು ಕೊಟ್ಟ ಉತ್ತರವನ್ನು ಆ ಕಡೆಯವರಿಗೆ ತಿಳಿಸುತ್ತಿದ್ದ. ಫೋನನ್ನು ಗುರುಗಳು ಕೈಯಲ್ಲಿ ಹಿಡಿಯಲೇ ಇಲ್ಲ. ಸಂಕೋಚವಿರಬೇಕು ಎಂದುಕೊಂಡ.

ಹನ್ನೊಂದನೆಯ ದಿನ ಬೆಳಿಗ್ಗೆ ಚನ್ನಾಜಮ್ಮನ ಕರೆ ಬಂತು.

ಚನ್ನಾಜಮ್ಮ ಹೊಳೆಯಾಚೆಯ ಊರಿನ ಹಳೆಯ ಭಕ್ತೆ. ಆಕೆಯ ಒಬ್ಬಳೇ ಮಗಳು ಸುಗುಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ವಾರವಷ್ಟೇ ತಾಯಿ ಮಗಳಿಬ್ಬರೂ ಬಂದು ವಿಭೂತಿ ಹಚ್ಚಿಸಿಕೊಂಡು ಹೋಗಿದ್ದರು.

ಬುದ್ಧಿಯವರ ಕೈಗೆ ಕೊಡಪ್ಪ ಎಂದಷ್ಟೇ ಆಕೆ ಹೇಳಿದಳು. ಪಂಚಾಕ್ಷರಿ ಹೆಚ್ಚು ಕೇಳಲಿಲ್ಲ. ಗುರುಗಳತ್ತ ತಿರುಗಿ, ಚನ್ನಾಜಮ್ಮ, ಹೆರಿಗೆಯಾಗಿರಬೇಕು ಎಂದ. ಅವರು ಕೈ ಹಿಂದಕ್ಕೆಳೆದುಕೊಂಡರೂ ಬಿಡದೆ ಫೋನು ಹಿಡಿಸಿ, ತಾನೇ ಅವರ ಕಿವಿಗೆ ಇಟ್ಟ.

ಮರುಳಯ್ಯನವರು ಒಂದೆರಡು ಸಲ ತಲೆಯಾಡಿಸಿದರು. ಆಮೇಲೆ ನಗುಮುಖದಿಂದ ಹೇಳಿದರು.

“ತುಂಬಾ ಸಂತೋಷ ತಾಯಿ. ಶಿವ ಕಣ್ಣು ಬಿಟ್ಟ. ಊರಿಗೆಲ್ಲ ಸಕ್ಕರೆ ಹಂಚು.”

ಫೋನನ್ನು ಅವನ ಕೈಗಿತ್ತು, ಚೊಂಬು ಹಿಡಿದು ಹೊಳೆಯ ಮೆಟ್ಟಿಲ ಕಡೆ ಹೊರಟರು.

ಪಂಚಾಕ್ಷರಿಗೆ ಹಿಗ್ಗೋ ಹಿಗ್ಗು. ಯಂತ್ರ ಕೊನೆಗೂ ಸಾರ್ಥಕವಾಯಿತು ಎಂದುಕೊಳ್ಳುವಷ್ಟರಲ್ಲಿ ಅದು ಮತ್ತೆ ಬಡಿದುಕೊಂಡಿತು. ಈ ಸಲ ಚನ್ನಾಜಮ್ಮನ ಅಳಿಯ ತೀರ್ಥೇಶ. ದನಿ ಏರಿರಲಿಲ್ಲ.

“ನನ್ನ ಹೆಂಡತಿ ಬೆಳಗಿನ ಜಾವ ತೀರಿಕೊಂಡಳು. ಅತ್ತೆ ಅದನ್ನೇ ಹೇಳಿದ್ದು. ನಿಮ್ಮ ಗುರುಗಳು ಸಕ್ಕರೆ ಹಂಚು ಅಂದರಂತೆ. ನಿಜವಾ?”

ಪಂಚಾಕ್ಷರಿ ಏನು ಹೇಳಿದನೋ, ಹೇಳಿದನೋ ಇಲ್ಲವೋ, ಅವನಿಗೇ ತಿಳಿಯಲಿಲ್ಲ. ಆ ಕಡೆ ಫೋನು ಇಟ್ಟಾಗಿತ್ತು.

ಮೆಟ್ಟಿಲ ಕಡೆ ಓಡಿದ. ಗುರುಗಳು ಅವನಿಗೆ ಬೆನ್ನು ಹಾಕಿ ಇಳಿಯುತ್ತಿದ್ದರು.

“ಗುರುಗಳೇ” ಎಂದ.

ಅವರು ತಿರುಗಲಿಲ್ಲ.

ಇನ್ನೂ ಹತ್ತಿರ ಹೋಗಿ, ಗಂಟಲು ಬಿರಿಯುವಂತೆ ಕೂಗಿದ. ಮರಳಿನ ಮೇಲಿದ್ದ ಬೆಳ್ಳಕ್ಕಿಗಳು ಒಟ್ಟಿಗೇ ಎದ್ದು ಹಾರಿದವು. ಮರುಳಯ್ಯನವರು ಹಾರುವ ಹಕ್ಕಿಗಳನ್ನು ನೋಡಿದರು. ಅವು ಯಾಕೆ ಹಾರಿದವೆಂದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ. ಇನ್ನೊಂದು ಮೆಟ್ಟಿಲು ಇಳಿದರು.

ಪಂಚಾಕ್ಷರಿ ನಿಂತಲ್ಲೇ ನಿಂತ.

ಒಂದು ವರ್ಷದಿಂದ ಗುರುಗಳು ಅವನ ಪಾಠದ ಉಚ್ಚಾರ ತಿದ್ದಿರಲಿಲ್ಲ. ತನ್ನ ನಾಲಿಗೆ ಪಳಗಿತು ಎಂದು ಅವನು ಒಳಗೊಳಗೇ ಬೀಗಿದ್ದ. ಬಂದವರನ್ನೆಲ್ಲ ಅವರು ಬೆಳಕಿಗೆ ಮುಖ ಮಾಡಿ ಎದುರಿಗೆ ಕೂರಿಸುತ್ತಿದ್ದರು. ಅದೊಂದು ಶಿಸ್ತು ಎಂದು ಅವನೇ ಬಂದವರಿಗೆ ವಿವರಿಸಿದ್ದ. ಒಂದೇ ಸೂರಿನಡಿ ಉಂಡು ಮಲಗಿದವನಿಗೆ ಇಷ್ಟು ಗೊತ್ತಾಗಲಿಲ್ಲವೇ ಎಂದು ತನ್ನನ್ನೇ ಬೈದುಕೊಂಡ.

ಸುತ್ತಿ ಬಂದು ಅವರೆದುರು ನಿಂತ. ಸುಗುಣಾ ಹೋದಳು ಎಂದ. ಅಳಿಯ ಹೇಳಿದ್ದನ್ನೂ ಹೇಳಿದ.

ಗುರುಗಳು ಅವನ ತುಟಿಯನ್ನೇ ನೋಡುತ್ತಿದ್ದರು. ಚೊಂಬು ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತರು. ಆಮೇಲೆ ಎದ್ದು, ಜಗುಲಿಯ ಮೇಲಿದ್ದ ಶಾಲು ತೆಗೆದುಕೊಂಡು, ಬಸ್ಸಿನ ರಸ್ತೆ ಹಿಡಿದರು. ಪಂಚಾಕ್ಷರಿ ಹಿಂದೆ ಓಡಿದ.

ಚನ್ನಾಜಮ್ಮನ ಮನೆಯ ಮುಂದೆ ಜನ ಸೇರಿದ್ದರು. ಇವರನ್ನು ಕಂಡು ಗುಸುಗುಸು ನಿಂತಿತು. ತೀರ್ಥೇಶ ಬಂದು ಬಾಗಿಲಿಗೆ ಅಡ್ಡವಾಗಿ ನಿಂತ. ಪಂಚಾಕ್ಷರಿ ಸಮಾಧಾನ ಹೇಳಲು ಬಾಯಿ ತೆರೆದಾಗ ಗುರುಗಳು ಅವನ ತೋಳು ಹಿಡಿದು ನಿಲ್ಲಿಸಿದರು.

“ನನಗೆ ಕಿವಿ ಕೇಳಿಸುವುದಿಲ್ಲಪ್ಪ” ಎಂದು ತೀರ್ಥೇಶನಿಗೆ ಹೇಳಿದರು. “ಜನರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಊಹೆಯ ಮೇಲೆ ಮಾತಾಡಿದೆ. ತಪ್ಪು ನನ್ನದು. ಒಳಗೆ ಬಿಟ್ಟರೆ ಬರುತ್ತೇನೆ.”

ತೀರ್ಥೇಶ ಅವರ ಮುಖ ನೋಡಿದ. ಆಮೇಲೆ ಪಕ್ಕಕ್ಕೆ ಸರಿದ.

ಒಳಗೆ ಸುಗುಣಾಳನ್ನು ಮಲಗಿಸಿದ್ದರು. ಚನ್ನಾಜಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದ ಮನೆಯಾಕೆಯ ತೊಡೆಯ ಮೇಲೆ ಹಸುಗೂಸು ಅಳುತ್ತಿತ್ತು. ಮರುಳಯ್ಯನವರು ನೆಲದ ಮೇಲೆ ಕೂತು, ಚನ್ನಾಜಮ್ಮನ ಮುಖಕ್ಕೆ ಮುಖ ಬರುವಷ್ಟು ಹತ್ತಿರ ಸರಿದರು.

“ನನ್ನ ಕಡೆ ತಿರುಗಿ ಇನ್ನೊಂದು ಸಲ ಹೇಳು ತಾಯಿ.”

“ಎಷ್ಟು ಸಲ ಹೇಳಲಿ ಬುದ್ಧಿ” ಎಂದಳು ಆಕೆ.

ಆದರೂ ಹೇಳಿದಳು. ನೋವು ಶುರುವಾದದ್ದು, ಆಸ್ಪತ್ರೆಗೆ ಹೋಗಲು ಆಟೋ ಸಿಕ್ಕಿದ್ದು, ದಾರಿಯುದ್ದಕ್ಕೂ ಮಗಳು ಕೈ ಬಿಡದೆ ಹಿಡಿದುಕೊಂಡಿದ್ದು, ಕೂಸಿನ ಅಳು ಕೇಳಿ ಯಾವ ಮಗು ಎಂದು ಕೇಳಿದ್ದು, ಉತ್ತರ ಹೇಳುವಷ್ಟರಲ್ಲಿ ಕಣ್ಣು ಮುಚ್ಚಿದ್ದು. ನಡುನಡುವೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಾಗ ಗುರುಗಳು ಮೆಲ್ಲಗೆ ಆ ಸೆರಗು ಸರಿಸುತ್ತಿದ್ದರು. ಅವರ ಗಡ್ಡದೊಳಗೆ ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಆಶೀರ್ವಾದದ ಮಾತಾಗಲಿ, ವೈರಾಗ್ಯದ ಮಾತಾಗಲಿ ಅವರ ಬಾಯಿಂದ ಬರಲಿಲ್ಲ.

ಹೇಳಿ ಮುಗಿಸಿದ ಮೇಲೆ ಚನ್ನಾಜಮ್ಮ ಅವರ ಕೈಗೆ ಹಣೆಯಿಟ್ಟು, ಬೆಳಗಿನಿಂದ ಮೊದಲ ಸಲ ಗಟ್ಟಿಯಾಗಿ ಅತ್ತಳು. ತೀರ್ಥೇಶ ಒಂದು ಚೊಂಬು ನೀರು ತಂದು ಗುರುಗಳ ಪಕ್ಕದಲ್ಲಿಟ್ಟ.

ಮಣ್ಣು ಕೊಡುವವರೆಗೂ ಇದ್ದು ಇಬ್ಬರೂ ಹೊರಟರು.

ಬಸ್ಸಿಳಿದು ಹೊಳೆಯ ದಾರಿಯಲ್ಲಿ ನಡೆಯುವಾಗ ಪಂಚಾಕ್ಷರಿಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ, ಗುರುಗಳಿಗೆ ಎದುರಾಗಿ ನಿಂತ. ಒಂದೊಂದೇ ಮಾತು ಬಿಡಿಸಿ ಕೇಳಿದ.

“ಆರು ವರ್ಷದಿಂದ ಜೊತೆಗಿದ್ದೇನೆ. ಕಿವಿ ಕೇಳಿಸುವುದಿಲ್ಲ ಅಂತ ನನಗಾದರೂ ಒಂದು ಮಾತು ಹೇಳಬಾರದಿತ್ತೇ ಗುರುಗಳೇ?”

ಮರುಳಯ್ಯನವರು ಅವನ ಹೆಗಲ ಮೇಲೆ ಕೈಯಿಟ್ಟರು.

“ಹೇಳಿದ್ದೆನಲ್ಲಪ್ಪ. ದೀಪಾವಳಿ ಕಳೆದ ಮೇಲೆ ಒಂದು ಸಲ, ಶಿವರಾತ್ರಿ ಹತ್ತಿರ ಬಂದಾಗ ಒಂದು ಸಲ. ಎರಡು ಸಲವೂ ನೀನು ಹೂಂ ಅಂದೆ.”