ನೀಲಿ ಹೂವಿನ ಸಾಕ್ಷಿ

“ಹಂಸಗಲ್ಲಿನ ಸಮಸ್ತ ಪ್ರಜೆಗಳು ಕೇಳಿರಿ! ಅರಮನೆಯ ಸಸ್ಯಸಭೆಗೆ ಕಾರ್ಯದರ್ಶಿ ಬೇಕಾಗಿದೆ. ಗಿಡಮರಗಳ ವಿಷಯವಾಗಿ ಕಡಲಾಚೆಯ ಪಂಡಿತರೊಡನೆ ನಡೆಯುವ ಪತ್ರವ್ಯವಹಾರವೆಲ್ಲ ಅವರ ಕೈಯಲ್ಲಿರುತ್ತದೆ. ದೊರೆ ಸೋಮರಸ ನಾಯಕರು ಕೇಳುವ ಮೂರು ಒಗಟು ಬಿಡಿಸಿದವರಿಗೆ ಆ ಪದವಿ, ಜೊತೆಗೆ ಒಂದು ಊರಿನ ಉಂಬಳಿ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆದಂಡ!”

ಡಂಗುರದವನು ಇಷ್ಟನ್ನು ಮದ್ದಿನ ಮನೆಯ ಮುಂದೆಯೂ ಸಾರಿದ. ಮದ್ದಿನ ಮನೆಯೆಂದರೆ ಸಾಮಾನ್ಯವಲ್ಲ. ಒಂಬತ್ತು ತಲೆಮಾರಿನಿಂದ ಅರಮನೆಯ ಬಾಣಂತಿಯರಿಗೆ ಕಷಾಯ ಹೋದದ್ದು ಆ ಮನೆಯಿಂದ. ಅಲ್ಲಿನ ಬೇರಿನಲ್ಲಿ ಕಲಬೆರಕೆ ಇತ್ತೆಂದು ದೂರಿದವರು ಒಬ್ಬರೂ ಇಲ್ಲ. ಹೆಂಗಸರೂ ಅಕ್ಷರ ಬಲ್ಲವರು. ಗಂಡಸರು ಬಾಯಿಮಾತು ಕೊಟ್ಟರೆ ಊರು ಅದಕ್ಕೆ ಪತ್ರ ಕೇಳುತ್ತಿರಲಿಲ್ಲ. ಅಂಥ ಮನೆಯ ಯಜಮಾನ ಮರಿಬಸಯ್ಯನವರನ್ನು ಎರಡು ವರ್ಷದ ಹಿಂದೆ ಸಸ್ಯಸಭೆ ಎಲ್ಲರೆದುರು ಸುಳ್ಳುಗಾರನೆಂದು ಸಾರಿ, ಸದಸ್ಯರ ಪಟ್ಟಿಯಿಂದ ಹೊಡೆದುಹಾಕಿತ್ತು.

ಕಾರಣ ಒಂದು ಹೂ. ಒಣಗಿಸಿ ಹಾಳೆಗೆ ಅಂಟಿಸಿದ್ದ ಆ ಹೂವನ್ನು ನೋಡಿ, ಅದರ ಬಣ್ಣ ಕಂದು ಎಂದು ಸಭೆ ಕಡಲಾಚೆಗೆ ಬರೆಯಿತು. “ಗುಡ್ಡದ ಮೇಲೆ ಅದು ನೀಲಿ. ಪತ್ರ ತಿದ್ದಿ” ಎಂದರು ಮರಿಬಸಯ್ಯ. “ಹಾಳೆ ಕಣ್ಣೆದುರಿಗಿದೆ. ನಿನ್ನ ಮಾತು ಯಾರಿಗೆ ಬೇಕು?” ಎಂದಿತು ಸಭೆ. ಅದರ ಅಧ್ಯಕ್ಷರು ಸ್ವತಃ ದೊರೆ. ಅಂದಿನಿಂದ ಮರಿಬಸಯ್ಯನವರ ಮದ್ದನ್ನು ಯಾರೂ ಕೊಳ್ಳಲಿಲ್ಲ. ಅವರು ಮನೆಯ ಹೊಸಿಲು ದಾಟಲೂ ಇಲ್ಲ.

“ನಾನು ಹೋಗುತ್ತೇನೆ, ಅಪ್ಪಾ” ಎಂದಳು ಮಗಳು ಮಲ್ಲಾಜಮ್ಮ.

“ಹೋದ ಮಾನದ ಹಿಂದೆ ತಲೆಯೂ ಹೋಗಬೇಕೇನವ್ವ? ಆ ಪದವಿ ನಮಗೆ ಯಾಕೆ?”

“ಪದವಿಗಲ್ಲ. ದೊರೆಯ ಮುಂದೆ ನಿಂತು ಮಾತಾಡಲು ನಮಗೆ ಇನ್ಯಾವ ಬಾಗಿಲು ತೆರೆದಿದೆ?”

ಅವಳು ಗುಡ್ಡ ಹತ್ತಿ ಆ ಗಿಡವನ್ನು ಮಣ್ಣಿನ ಸಮೇತ ಕಿತ್ತು, ಕುಡಿಕೆಯಲ್ಲಿಟ್ಟುಕೊಂಡು ಅರಮನೆಗೆ ನಡೆದಳು.

ದರ್ಬಾರಿನಲ್ಲಿ ಅವಳಿಗಿಂತ ಮುಂದೆ ಇಬ್ಬರು ನಿಂತಿದ್ದರು. ದೊರೆ ಮೊದಲ ಒಗಟು ಕೇಳಿದರು: “ಏಳು ತಿಂಗಳು ಉಣ್ಣದೆ ಕುಡಿಯದೆ ಮಲಗಿ ಕಡಲು ದಾಟುತ್ತದೆ. ಸತ್ತಿದೆಯೋ ಬದುಕಿದೆಯೋ ತಿಳಿಯಬೇಕಾದರೆ ಹೂಳಬೇಕು. ಏನದು?”

“ಸಮಾಧಿಗೆ ಕೂತ ಯೋಗಿ!” ಎಂದ ದಳವಾಯಿಯ ಮಗ ಚಿತ್ರಶೇಖರ, ಮೀಸೆ ತೀಡುತ್ತ.

“ಯೋಗಿಯನ್ನು ಹೂತು ಪರೀಕ್ಷೆ ಮಾಡುತ್ತೀಯೇನಯ್ಯ? ಕರೆದೊಯ್ಯಿರಿ ಇವನನ್ನು.”

ಎರಡನೆಯವನು ಆಸ್ಥಾನದ ಕವಿ ಶಂಭುಭಟ್ಟ. ಬೆವರೊರೆಸಿಕೊಂಡು, “ಆಮೆಯ ಮೊಟ್ಟೆ, ಪ್ರಭು” ಎಂದ.

“ಏಳು ತಿಂಗಳು ಇಟ್ಟ ಮೊಟ್ಟೆಯ ಪಕ್ಕದಲ್ಲಿ ನೀನೇ ನಿಂತು ನೋಡು, ಭಟ್ಟ!” ದರ್ಬಾರು ನಕ್ಕಿತು. ಕಾವಲಿನವರು ಅವನ ರೆಟ್ಟೆ ಹಿಡಿದಾಗ ನಗು ನಿಂತಿತು.

ಮಲ್ಲಾಜಮ್ಮ ಮುಂದೆ ಬಂದಳು. ಕುಡಿಕೆ ಕಂಡು ಮಂತ್ರಿ, “ಏನಮ್ಮ, ಇದು ಸಂತೆಯೇ?” ಎಂದರು. ಅವಳು ಅವರತ್ತ ತಿರುಗಲಿಲ್ಲ.

“ಅದು ಬೀಜ, ಪ್ರಭು. ಪಂಡಿತರು ಪೊಟ್ಟಣ ಕಟ್ಟಿ ಹಡಗಿನಲ್ಲಿ ಕಳಿಸುತ್ತಾರೆ. ಜೀವ ಉಳಿದಿದೆಯೇ ಎಂದು ತಿಳಿಯಲು ಮಣ್ಣಿನಲ್ಲಿ ಹೂಳಬೇಕು.”

ದೊರೆ ನೆಟ್ಟಗೆ ಕುಳಿತರು. “ಇಬ್ಬರು ಗೆಳೆಯರು. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಮಗು ಹುಟ್ಟಿತೆಂದು ಒಬ್ಬ ಹೇಳುತ್ತಾನೆ; ಇನ್ನೊಬ್ಬ ಹರಸುವ ಹೊತ್ತಿಗೆ ಮಗು ಅಂಗಳದಲ್ಲಿ ಓಡಾಡುತ್ತಿರುತ್ತದೆ. ಯಾರವರು?”

“ಕಡಲಿನ ಎರಡು ದಡದಲ್ಲಿ ಕೂತು ಕಾಗದ ಬರೆಯುವ ಸಸ್ಯಪಂಡಿತರು. ಕಾಗದ ಹೋಗಿ ಉತ್ತರ ಬರುವಷ್ಟರಲ್ಲಿ ವರ್ಷ ಕಳೆದಿರುತ್ತದೆ.”

“ಭೇಷ್! ಇನ್ನು ಕೊನೆಯದು. ನಮ್ಮ ಸಭೆಯಲ್ಲಿ ಒಬ್ಬ ಸಾಕ್ಷಿಯಿದ್ದಾನೆ. ಅವನು ಯಾರ ನೆಂಟನೂ ಅಲ್ಲ, ಲಂಚ ಮುಟ್ಟುವವನಲ್ಲ, ಎಂದೂ ಸುಳ್ಳಾಡುವವನಲ್ಲ. ಯಾರು?”

ದೊರೆಗೆ ಬೇಕಾದ ಉತ್ತರ ಮಲ್ಲಾಜಮ್ಮನಿಗೆ ಗೊತ್ತಿತ್ತು: ಒಣಗಿದ ಹೂವಿನ ಹಾಳೆ. ಹಾಗೆಂದರೆ ತಲೆ ಉಳಿಯುತ್ತದೆ, ಪದವಿ ಸಿಗುತ್ತದೆ. ಅಪ್ಪ ಸುಳ್ಳುಗಾರನೆಂದು ಮಗಳೇ ಒಪ್ಪಿಕೊಂಡಂತೆಯೂ ಆಗುತ್ತದೆ.

“ಅಂಥ ಸಾಕ್ಷಿ ನಿಮ್ಮ ಸಭೆಯಲ್ಲಿಲ್ಲ” ಎಂದಳು. “ಹಾಳೆ ಎನ್ನಲಿ ಎಂದು ಕಾದಿದ್ದೀರಿ. ನಾನು ಎನ್ನುವುದಿಲ್ಲ. ಎಲೆಯ ಆಕಾರದಲ್ಲಿ ಹಾಳೆ ನಿಜ ಹೇಳುತ್ತದೆ. ಬಣ್ಣದಲ್ಲಿ ಸುಳ್ಳು ಹೇಳುತ್ತದೆ.”

“ತಲೆ ಬೇಡವಾಯಿತೇ ನಿನಗೆ?” ಮಂತ್ರಿ ಗದರಿದರು.

“ಬೇಕು. ಅದಕ್ಕೇ ಗಿಡ ತಂದಿದ್ದೇನೆ. ಒಂದು ಚೊಂಬಿನಲ್ಲಿ ಕೆಂಡ, ಒಂದಿಷ್ಟು ಕಾಗದ ತರಿಸಿ.”

ದೊರೆ ಕೈಸನ್ನೆ ಮಾಡಿದರು. ಅವಳು ಎಲ್ಲರಿಗೂ ಕಾಣುವಂತೆ ಕುಡಿಕೆ ಎತ್ತಿ ಹಿಡಿದಳು. ಹೂ ನೀಲಿಯಾಗಿತ್ತು, ನವಿಲಿನ ಕತ್ತಿನಷ್ಟು ನೀಲಿ. ಒಂದು ಹೂ ಬಿಡಿಸಿ ಕಾಗದಗಳ ನಡುವೆ ಇಟ್ಟು, ಮೇಲೆ ಬಿಸಿ ಚೊಂಬನ್ನು ಒತ್ತಿದಳು. ಕಾಗದ ಒದ್ದೆಯಾದಾಗಲೆಲ್ಲ ಬದಲಿಸಿದಳು. ಕೊನೆಗೆ ತೆರೆದಾಗ ನೀಲಿ ಇರಲಿಲ್ಲ. ಹೂ ಕಂದಿ, ಒಣ ಹುಣಸೆ ಸಿಪ್ಪೆಯಂತೆ ಬಿದ್ದಿತ್ತು. ದೊರೆ ಸಭೆಯ ಹಳೆಯ ಹಾಳೆ ತರಿಸಿ, ಅದರ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು.

“ಅದೇ ಹೂ” ಎಂದರು ಕೊನೆಗೆ. “ನನ್ನ ಒಗಟೇ ತಪ್ಪು. ಗೆದ್ದೆ ಮಗಳೇ.”

“ತಪ್ಪಿದವರಿಗೆ ತಲೆದಂಡವೆಂದು ಸಾರಿಸಿದ್ದಿರಿ. ಇಂದು ತಪ್ಪಿದವರು ಮೂವರು, ಪ್ರಭು.”

ದೊರೆಯ ಮುಖ ಕೆಂಪಾಯಿತು, ಆಮೇಲೆ ಬಾಡಿತು. “ಆ ಇಬ್ಬರನ್ನೂ ಬಿಟ್ಟುಬಿಡಿ” ಎಂದರು. ಸನ್ನದು ಬರೆಸಿದರು, ಶಾಲು ತರಿಸಿದರು. “ಕಡಲಾಚೆಯ ಪತ್ರವನ್ನು ನೀನೇ ತಿದ್ದಿ ಬರೆ, ಕಾರ್ಯದರ್ಶಿ. ನಿನ್ನ ತಂದೆಯ ಹೆಸರನ್ನೂ ಸದ್ದಿಲ್ಲದೆ ಪಟ್ಟಿಗೆ ಸೇರಿಸಿಬಿಡು. ಆಯಿತಲ್ಲ?”

“ಆಗಲಿಲ್ಲ. ಪತ್ರ ಬರೆಯುವುದು ನನ್ನ ಕೆಲಸ, ಬರೆಯುತ್ತೇನೆ. ಆದರೆ ಸುಳ್ಳುಗಾರನೆಂದು ತುಂಬಿದ ಸಭೆಯಲ್ಲಿ ಕೂಗಿ ಹೇಳಿದವರು ಸದ್ದಿಲ್ಲದೆ ತಿದ್ದಿಕೊಳ್ಳುವ ಹಾಗಿಲ್ಲ. ಸಭೆಯವರನ್ನೆಲ್ಲ ಕರೆದುಕೊಂಡು ಇವತ್ತೇ ನಮ್ಮ ಮನೆಗೆ ಬನ್ನಿ. ನಮ್ಮ ತಂದೆಯವರ ಮುಂದೆ ನಿಂತು ಕ್ಷಮೆ ಕೇಳಿ.”