ಹೇಳದೆ ಬಿಟ್ಟ ಕಲ್ಲು

"ಗುರುಗಳೇ, ನಾಳೆ ಅರಮನೆಯಲ್ಲಿ ಪುರಾಣ ಹೇಳಬೇಕು. ಸೊಕ್ಕಿದ ರಾಜನೊಬ್ಬ ಹಾಳಾಗುವ ಭಾಗ ಅದರಲ್ಲಿದೆ. ಅದನ್ನು ಬಿಟ್ಟು ಹೇಳಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವುದನ್ನು ಚೆನ್ನಾಗಿಯೇ ಕಲಿತಿದ್ದೀಯೆ. ಕೂತುಕೋ, ಒಂದು ಕತೆ ಕೇಳು."

ಹಿಂದೆ ರೋಮನ್ನರು ಯೆಹೂದಿಗಳ ನಾಡನ್ನು ಗೆದ್ದು, ಅವರ ದೇವಾಲಯವನ್ನು ಸುಟ್ಟು, ಸಾವಿರಾರು ಜನರನ್ನು ಸೆರೆ ಒಯ್ದರು. ಅವರಲ್ಲಿ ಒಬ್ಬ ವಿದ್ವಾಂಸನಿದ್ದ. ಅವನು ತನ್ನ ಜನರ ಚರಿತ್ರೆಯನ್ನು ಗೆದ್ದವರ ಭಾಷೆಯಲ್ಲಿ ಬರೆದು ಅವರ ಸಭೆಯಲ್ಲಿ ಓದುತ್ತಿದ್ದ. ತನ್ನವರು ಹೀನರಲ್ಲವೆಂದು ಅವರಿಗೆ ತಿಳಿಯಲಿ ಎಂಬುದು ಅವನ ಆಸೆ.

ಒಂದು ದಿನ ಹಳೆಯ ಭವಿಷ್ಯವಾಣಿಯ ಸರದಿ ಬಂತು. ರಾಜನೊಬ್ಬನ ಕನಸಿನಲ್ಲಿ ಒಂದು ದೊಡ್ಡ ವಿಗ್ರಹ. ತಲೆ ಚಿನ್ನ, ಎದೆ ಬೆಳ್ಳಿ, ಹೊಟ್ಟೆ ಕಂಚು, ಕಾಲು ಕಬ್ಬಿಣ. ಒಂದೊಂದೂ ಒಂದೊಂದು ಸಾಮ್ರಾಜ್ಯವೆಂದು ಪ್ರವಾದಿ ಅರ್ಥ ಹೇಳಿದ್ದ. "ಕಬ್ಬಿಣವೆಂದರೆ ನಾವೇ!" ಎಂದು ಸಭೆ ಹಿಗ್ಗಿತು. ಆದರೆ ಗ್ರಂಥ ಅಲ್ಲಿಗೆ ಮುಗಿಯುವುದಿಲ್ಲ. ಕಲ್ಲೊಂದು ಬೆಟ್ಟದಿಂದ ಬಂದು ಆ ಕಾಲುಗಳನ್ನು ಪುಡಿ ಮಾಡುತ್ತದೆ. ಅದನ್ನು ಓದಿದ್ದರೆ ಸೆರೆಯವರೆಲ್ಲ ದಂಗೆಕೋರರೆನಿಸಿ ತಲೆ ಕಳೆದುಕೊಳ್ಳುತ್ತಿದ್ದರು. ವಿದ್ವಾಂಸ ಕಲ್ಲಿನ ಮಾತನ್ನು ಬಿಟ್ಟ. ಪಾಪ, ಇನ್ನೇನು ಮಾಡಿಯಾನು? ಸಭೆ ಮೆಚ್ಚಿತು, ಮತ್ತೆ ಮತ್ತೆ ಕರೆಸಿ ಅದೇ ಕನಸನ್ನು ಹೇಳಿಸಿತು.

ಯೆಹೂದಿಗಳಲ್ಲಿ ಒಂದು ಪದ್ಧತಿಯಿತ್ತು. ಪ್ರಾರ್ಥನಾಮಂದಿರದಲ್ಲಿ ಒಬ್ಬ ಗ್ರಂಥವನ್ನು ಹಳೆಯ ಭಾಷೆಯಲ್ಲಿ ಓದುತ್ತಾನೆ. ಪಕ್ಕದಲ್ಲಿ ನಿಂತವನು ಅದನ್ನು ಜನರ ಆಡುಮಾತಿನಲ್ಲಿ ಹೇಳುತ್ತಾನೆ. ಒಂದು ದಿನ ಹೇಳುವ ಸರದಿ ವಿದ್ವಾಂಸನದು. ಅಂದು ಬಂದದ್ದೂ ಅದೇ ಕನಸು. ಓದುವವನು ಕಲ್ಲಿನವರೆಗೂ ಓದಿದ. ಇವನು ಮಾತ್ರ ರೂಢಿಯಂತೆ ಕಬ್ಬಿಣದ ಕಾಲಿಗೆ ಬಂದು ನಿಲ್ಲಿಸಿಬಿಟ್ಟ.

ಹಿಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದಳು. ಅವಳ ಮಗ ರೋಮನ್ನರ ಗಣಿಯಲ್ಲಿ ಸಂಕೋಲೆ ತೊಟ್ಟು ದುಡಿಯುತ್ತಿದ್ದ. ಹಳೆಯ ಭಾಷೆ ಅವಳಿಗೆ ಬಾರದು.

"ಅಷ್ಟೇನಾ, ಅಪ್ಪಾ? ಆ ಕಬ್ಬಿಣದ ಕಾಲು ಹಾಗೇ ನಿಂತಿರುತ್ತಾ?"

ವಿದ್ವಾಂಸ ಸುತ್ತ ನೋಡಿದ. ಅಲ್ಲಿ ಕಾವಲಿನವರಿರಲಿಲ್ಲ, ದೊರೆಯ ಕಿವಿಯಿರಲಿಲ್ಲ. ಎಲ್ಲರೂ ತನ್ನವರೇ. ಕಲ್ಲಿನ ಮಾತು ಹೇಳಲು ಬಾಯಿ ತೆರೆದ. ಎಷ್ಟೋ ಕಾಲ ಆಡದೆ ಉಳಿದ ಮಾತು ತಟ್ಟನೆ ಬರಲಿಲ್ಲ, ತಡವರಿಸಿದ. ಅಷ್ಟರಲ್ಲಿ ಮುದುಕಿ ಕಣ್ಣೊರೆಸಿಕೊಳ್ಳುತ್ತ ಹೊರಟುಹೋಗಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವನು ಸಭೆಯಲ್ಲಿ ಕಲ್ಲನ್ನು ಬಿಟ್ಟದ್ದೇ ತಪ್ಪೇ, ಗುರುಗಳೇ?"

"ಅದಿರಲಿ, ನಾಳೆ ಅರಸನ ಮುಂದೆ ನೀನು ಬಿಡುವುದನ್ನು ನಾಡಿದ್ದು ಯಾರ ಮುಂದೆ ಹೇಳುತ್ತೀಯೆ?"