ತೊಟ್ಟಿಗೆ ಸುರಿದ ಪಾಯಸ

“ಗುರುಗಳೇ, ಇಷ್ಟು ವರ್ಷ ನಿಮ್ಮ ಬಳಿ ಕಲಿತೆ. ಒಂದು ದಿನವೂ ನೀವು ನನಗೆ ಭೇಷ್ ಎನ್ನಲಿಲ್ಲ. ನನ್ನ ಮೇಲೆ ನಿಮಗೆ ಪ್ರೀತಿಯಿಲ್ಲವೇ? ಇಲ್ಲವೆಂದರೆ ಈಗಲೇ ಹೊರಡುತ್ತೇನೆ” ಎಂದು ಶಿಷ್ಯ ಚನ್ನಮಲ್ಲ ಕೇಳಿದ. ಬಟ್ಟೆಯ ಗಂಟು ಕಟ್ಟಿ ಪಕ್ಕದಲ್ಲೇ ಇಟ್ಟುಕೊಂಡಿದ್ದ.

ಗುರುಗಳು ಗಂಟನ್ನು ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿಗೆ ಕುಡಿಯುವ ನೀರಿಗೆಂದು ಇದ್ದದ್ದು ಒಂದೇ ಕೆರೆ. ಜನ ಆ ಕೆರೆಗೇ ಪ್ಲಾಸ್ಟಿಕ್ ಬಾಟಲಿ ಎಸೆದೂ ಎಸೆದೂ ನೀರೇ ಕಾಣದಂತಾಯಿತು. ಆಗ ಒಬ್ಬ ವಿಜ್ಞಾನಿ ಬಂದಳು. ದಂಡೆಯಲ್ಲಿ ತೊಟ್ಟಿ ಕಟ್ಟಿಸಿ, ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಬಿಟ್ಟಳು. ಬೇರೆ ಆಹಾರ ಸಿಗದಿದ್ದಾಗ ಆ ಜೀವಿಗಳು ಕಿಣ್ವವೆಂಬ ರಸವನ್ನು ಸುರಿಸುತ್ತಿದ್ದವು. ಆ ಕಿಣ್ವ ಪ್ಲಾಸ್ಟಿಕ್ಕನ್ನು ಒಡೆದು ಕರಗಿಸುತ್ತಿತ್ತು. ಕರಗಿದ್ದೇ ಅವುಗಳ ಊಟ. ಕೆರೆಯಿಂದ ಎತ್ತಿದ ಬಾಟಲಿಗಳನ್ನು ಚೂರು ಮಾಡಿ ತೊಟ್ಟಿಗೆ ಹಾಕುತ್ತ ಬಂದರು. ನಿಧಾನವಾಗಿ ಕೆರೆಯಲ್ಲಿ ಮತ್ತೆ ನೀರು ಕಂಡಿತು.

ಊರಿನವರ ಹೃದಯ ತುಂಬಿ ಬಂತು. ತೊಟ್ಟಿಗೆ ಅರಿಸಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು. “ಪಾಪ, ನಮಗಾಗಿ ಕಸ ತಿನ್ನುತ್ತವೆ. ಹಬ್ಬದ ದಿನವಾದರೂ ಬಾಯಿ ಸಿಹಿ ಮಾಡಬಾರದೇ?” ಎಂದು ಒಬ್ಬಾಕೆ ಬೆಲ್ಲದ ಪಾಯಸ ತಂದು ಸುರಿದಳು. ಅವಳನ್ನು ನೋಡಿ ಮನೆಮನೆಯಿಂದಲೂ ಪಾಯಸ ಬಂತು. ಹಬ್ಬ ಮುಗಿದರೂ ನಿಲ್ಲಲಿಲ್ಲ. ಭಕ್ತಿಯಲ್ಲವೇ, ಅದಕ್ಕೆ ಯಾರು ಅಡ್ಡ ಬರುತ್ತಾರೆ?

ಬೆಲ್ಲದ ರುಚಿ ಹತ್ತಿದ ಜೀವಿಗಳು ಕಿಣ್ವ ಸುರಿಸುವುದನ್ನೇ ಬಿಟ್ಟವು. ಹಾಕಿದ ಚೂರುಗಳು ಹಾಕಿದ ಹಾಗೆಯೇ ಉಳಿದವು. ದಂಡೆಯ ಮೇಲೆ ಬಾಟಲಿಗಳ ರಾಶಿ ಬೆಳೆದು ಮತ್ತೆ ಕೆರೆಗೆ ಜಾರತೊಡಗಿತು. ನೀರು ನಾರಿತು.

ವಿಜ್ಞಾನಿ ಪಾಯಸದ ನೀರನ್ನು ಚೆಲ್ಲಿಸಿದಳು. ಜೀವಿಗಳನ್ನು ಹೊಸ ನೀರಿಗೆ ಬಿಟ್ಟು, ತೊಟ್ಟಿಗೆ ಮುಚ್ಚಳ ಹಾಕಿ ಬೀಗ ಜಡಿದಳು. ಪಾತ್ರೆ ಹಿಡಿದು ಬಂದವರು “ನಿನಗೆ ಕರುಳು ಅನ್ನೋದೇ ಇಲ್ಲವೇನಮ್ಮ?” ಎಂದು ಬೈದರು. ಅವಳಿಗೆ ನೋವಾಯಿತು. ಆದರೆ ಬೀಗ ತೆಗೆಯಲಿಲ್ಲ. ಕೆಲವು ದಿನ ಕಳೆದ ಮೇಲೆ ಚೂರುಗಳು ಮತ್ತೆ ಕರಗತೊಡಗಿದವು.

ಕತೆ ಕೇಳಿ ಚನ್ನಮಲ್ಲ ಗಂಟನ್ನು ಮಡಿಲಿಗೆ ಎಳೆದುಕೊಂಡ. “ಅಂದರೆ ಪ್ರೀತಿ ಇದ್ದದ್ದು ಊರಿನವರಿಗೆ. ಅವಳಿಗೆ ಬೇಕಾಗಿದ್ದದ್ದು ಕೆಲಸ ಮಾತ್ರ” ಎಂದ.

ಗುರುಗಳು ಹೇಳಿದರು: “ಪಾಯಸ ಸುರಿದವರೆಲ್ಲ ಪಾತ್ರೆ ತೊಳೆದುಕೊಂಡು ಮನೆ ಸೇರಿದರು ಮಗು, ಬೈಸಿಕೊಂಡವಳು ಇವತ್ತಿಗೂ ಆ ತೊಟ್ಟಿಯ ಪಕ್ಕದಲ್ಲೇ ಕೂತಿದ್ದಾಳೆ.”